ನವೆಂಬರ್ 14ರ ಮರುದಿನ

ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1961ರ ನವೆಂಬರ್ 14: ಪಶ್ಚಿಮ ಜರ್ಮನಿಯ ಕೇಂದ್ರ ಸಂಪುಟಕ್ಕೆ ಮೊಟ್ಟಮೊದಲ ಮಹಿಳೆ ಸೇರುತ್ತಾರೆ. ಖಾತೆ ಆರೋಗ್ಯ, ಅದೂ ಆಗಷ್ಟೇ ಹುಟ್ಟಿದ ಖಾತೆ. ನವೆಂಬರ್ 15: ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಟ್ಸ್ ಒಂದು ಔಷಧ ಕಂಪನಿಗೆ ಫೋನ್ ಮಾಡುತ್ತಾರೆ. ಕೈಕಾಲು ಬೆಳೆಯದ ಶಿಶುಗಳು ಹುಟ್ಟುತ್ತಿವೆ, ತಾಯಂದಿರು ಬಸುರಿನಲ್ಲಿ ನುಂಗಿದ ನಿಮ್ಮ ನಿದ್ರೆ ಮಾತ್ರೆಯ ಮೇಲೇ ನನಗೆ ಅನುಮಾನ, ಮಾರಾಟ ನಿಲ್ಲಿಸಿ ಎನ್ನುತ್ತಾರೆ. ನಡುವೆ ಒಂದೇ ಒಂದು ದಿನ!

ನಾನು ಹುಡುಕಹೊರಟಿದ್ದು ಆ ಮಾತ್ರೆಯ, ಥಾಲಿಡೊಮೈಡಿನ ಕಥೆಯನ್ನು. ಸಿಕ್ಕಿದವರು ಈ ಸಚಿವೆ, ಎಲಿಜಬೆತ್ ಶ್ವಾರ್ಟ್ಸ್‌ಹೌಪ್ಟ್. ಸಿಕ್ಕ ಮೇಲೆ ಬಿಡಲಾಗಲಿಲ್ಲ.

1901ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದವರು. ಜರ್ಮನಿಯಲ್ಲಿ ಹೆಣ್ಣುಮಕ್ಕಳಿಗೆ ವಕೀಲಿಕೆಯ, ನ್ಯಾಯಾಧೀಶ ಹುದ್ದೆಯ ಬಾಗಿಲು ತೆರೆದದ್ದೇ 1922ರಲ್ಲಿ. ಆ ಬಾಗಿಲಿನಿಂದ ಒಳಹೊಕ್ಕ ಮೊದಲ ಪೀಳಿಗೆ ಇವರದು. ಫ್ರಾಂಕ್‌ಫರ್ಟಿನಲ್ಲಿ ಮಹಿಳೆಯರಿಗಾಗಿ ಇದ್ದ ಕಾನೂನು ಸಲಹಾ ಕೇಂದ್ರದಲ್ಲಿ ಕೂತು, ನೊಂದು ಬಂದವರ ಅಹವಾಲು ಕೇಳಿದರು. ಆಮೇಲೆ ನ್ಯಾಯಾಲಯದ ಕೆಲಸವೂ ಸಿಕ್ಕಿತು. ನಾಜಿಗಳು ಬಂದರೆ ಹೆಣ್ಣುಮಕ್ಕಳ ಗತಿಯೇನು ಎಂದು 1932ರಲ್ಲೇ ಎಚ್ಚರಿಸಿ ಬರೆದರು. ಮರುವರ್ಷ ನಾಜಿಗಳು ಬಂದೇಬಿಟ್ಟರು. ನ್ಯಾಯಪೀಠ ಹೆಂಗಸರಿಗಲ್ಲ ಎಂದು ಇವರನ್ನು ಹೊರಹಾಕಿದರು. ಮದುವೆಯಾಗಬೇಕೆಂದಿದ್ದ ವೈದ್ಯ ಯಹೂದಿ. ಆತ ದೇಶ ಬಿಟ್ಟು ಹೋಗಬೇಕಾಯಿತು. ಎಲಿಜಬೆತ್ ಕೊನೆಯವರೆಗೂ ಮದುವೆಯಾಗಲಿಲ್ಲ. 1936ರಿಂದ ಬರ್ಲಿನ್ನಿನ ಪ್ರಾಟೆಸ್ಟೆಂಟ್ ಚರ್ಚ್ ಕಚೇರಿಯಲ್ಲಿ ಕಾನೂನು ವ್ಯವಹಾರ ನೋಡಿಕೊಂಡು ಆ ವರ್ಷಗಳನ್ನು ಕಳೆದರು.

ಯುದ್ಧ ಮುಗಿದು, 1953ರಲ್ಲಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದಿಂದ ಸಂಸದೆಯಾದರು. ಇವರ ಜೀವನದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಇಲ್ಲಿಂದ ಮುಂದಿನ ನಾಲ್ಕು ವರ್ಷ, ಮಂತ್ರಿಗಿರಿಯೂ ಅಲ್ಲ! ಹೆಣ್ಣು ಗಂಡು ಸಮಾನರೆಂದು ಸಂವಿಧಾನ 1949ರಲ್ಲೇ ಸಾರಿತ್ತು. ಅದಕ್ಕೆ ಒಗ್ಗದ ಹಳೆಯ ಕಾನೂನುಗಳನ್ನೆಲ್ಲ 1953ರ ಮಾರ್ಚ್ 31ರೊಳಗೆ ತಿದ್ದಬೇಕೆಂದು ಗಡುವನ್ನೂ ಹಾಕಿತ್ತು. ಗಡುವು ದಾಟಿಹೋಯಿತು. ಹಳೆಯ ಕುಟುಂಬ ಕಾನೂನು ಹೇಳುತ್ತಿದ್ದುದೇನು ಗೊತ್ತೇ? ಸಂಸಾರದಲ್ಲಿ ಭಿನ್ನಾಭಿಪ್ರಾಯ ಬಂದರೆ ಗಂಡನ ಮಾತೇ ಕಡೆಯ ಮಾತು. ಮಗಳು ಮುಂದೆ ಓದಲಿ ಎಂದು ತಾಯಿ, ಓದಿದ್ದು ಸಾಕು ಎಂದು ತಂದೆ. ಇಬ್ಬರೂ ಪಟ್ಟು ಬಿಡದಿದ್ದರೆ ಆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು. ಇದನ್ನು ಉಳಿಸಿಕೊಳ್ಳಬೇಕೆಂದು ಹಟ ಹಿಡಿದದ್ದು ಸ್ವತಃ ಇವರ ಪಕ್ಷದ ಬಹುಪಾಲು ಸದಸ್ಯರು. ಶ್ವಾರ್ಟ್ಸ್‌ಹೌಪ್ಟ್ ಅವರಿಗೇ ಎದುರು ನಿಂತರು. 1957ರಲ್ಲಿ ಸಂಸತ್ತು ಮತಕ್ಕೆ ಹಾಕಿತು: 186ಕ್ಕೆ 172. ಹದಿನಾಲ್ಕೇ ಮತಗಳ ಅಂತರದಲ್ಲಿ ಹೆಂಡತಿಯ ಮೇಲಿನ ಗಂಡನ ಆ ಹಕ್ಕು ಬಿದ್ದುಹೋಯಿತು! ಮಕ್ಕಳ ವಿಷಯದಲ್ಲಿ ತಂದೆಯ ಮಾತೇ ಅಂತಿಮ ಎಂಬುದು ಮಾತ್ರ ಉಳಿದುಕೊಂಡಿತು. ಅದನ್ನು 1959ರ ಜುಲೈ 29ರಂದು ಸಂವಿಧಾನ ನ್ಯಾಯಾಲಯ ಅಳಿಸಿಹಾಕಿತು.

ಇಷ್ಟಾದರೂ ಸಂಪುಟದಲ್ಲಿ ಹೆಂಗಸರಿರಲಿಲ್ಲ. ನಮ್ಮಲ್ಲಿ ರಾಜಕುಮಾರಿ ಅಮೃತ್ ಕೌರ್ 1947ರಲ್ಲೇ ಆರೋಗ್ಯ ಸಚಿವೆ. ಅಲ್ಲಿ 1961 ಬಂದರೂ ಚಾನ್ಸಲರ್ ಅಡೆನೌವರ್ ಮನಸ್ಸು ಮಾಡಲಿಲ್ಲ. ಕೊನೆಗೆ ಹಿರಿಯ ಸಂಸದೆ ಹೆಲೆನ ವೇಬರ್ ಮುಂದಾಳತ್ವದಲ್ಲಿ ಪಕ್ಷದ ಮಹಿಳೆಯರು ಸಂಪುಟದ ಕೋಣೆಯ ಹೊರಗೆ ಧರಣಿ ಕೂತೇಬಿಟ್ಟರು. ಕೂತು ಗೆದ್ದರು! ಆಮೇಲೂ ಅಡೆನೌವರ್ ಸಭೆಯನ್ನು "ಮಹನೀಯರೇ" ಎಂದೇ ಶುರುಮಾಡುತ್ತಿದ್ದರಂತೆ. ಶ್ವಾರ್ಟ್ಸ್‌ಹೌಪ್ಟ್ ಆಕ್ಷೇಪಿಸಿದಾಗ, ಈ ಸಭೆಯಲ್ಲಿ ನೀವೂ ಒಬ್ಬ ಮಹನೀಯರೇ ಎಂಬ ಉತ್ತರ ಬಂತೆಂದು ಹೇಳುತ್ತಾರೆ.

ಇನ್ನೂ ಸರಿಯಾಗಿ ಕಟ್ಟಿಕೊಳ್ಳದ ಖಾತೆ, ಮರುದಿನವೇ ಆ ಫೋನ್ ಕರೆ. ನವೆಂಬರ್ 27ಕ್ಕೆ ಮಾತ್ರೆ ಮಾರುಕಟ್ಟೆಯಿಂದ ಹೊರಬಿತ್ತು. ಅಷ್ಟರಲ್ಲಿ ಅದು ನಾಲ್ಕು ವರ್ಷ ಬಿಕರಿಯಾಗಿತ್ತು. ಜರ್ಮನಿಯೊಂದರಲ್ಲೇ ಸುಮಾರು 5,000 ಮಕ್ಕಳು ಅದರ ಪೆಟ್ಟು ತಿಂದರು. ಸಚಿವೆ ಚುರುಕಾಗಿ ನಡೆದುಕೊಳ್ಳಲಿಲ್ಲ ಎಂಬ ಟೀಕೆ ಬಂತು. ಆ ಟೀಕೆಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ತಾಯಂದಿರಿಗೆ ಸರ್ಕಾರದ ಆಸರೆ ಬೇಗ ಸಿಗಬೇಕಿತ್ತು. 1964ರಲ್ಲಿ ಔಷಧ ಕಾನೂನಿಗೆ ತಿದ್ದುಪಡಿ ಬಂದು ಪರೀಕ್ಷೆಯ ನಿಯಮ ಬಿಗಿಯಾಯಿತು.

ಅದೇ ಅವಧಿಯ ಇನ್ನೊಂದು ಲೆಕ್ಕ ಕೇಳಿ, ಮೈ ಜುಮ್ಮೆನ್ನುತ್ತದೆ. 1961ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಪೋಲಿಯೊ ತಗುಲಿದವರು 4,600ಕ್ಕೂ ಹೆಚ್ಚು. 1962ರಲ್ಲಿ ಬಾಯಿಗೆ ಹಾಕುವ ಲಸಿಕೆ ಬಂತು. ಸಕ್ಕರೆ ತುಂಡಿನ ಮೇಲೆ ಹನಿ ಬಿಟ್ಟು ಕೊಡುತ್ತಿದ್ದರು. ಮಕ್ಕಳು ಚಪ್ಪರಿಸಿ ತಿನ್ನುತ್ತಿದ್ದರು. 1965ಕ್ಕೆ ಆ ಸಂಖ್ಯೆ 50ಕ್ಕಿಂತ ಕೆಳಗೆ ಇಳಿದಿತ್ತು!

1966ರಲ್ಲಿ ಶ್ವಾರ್ಟ್ಸ್‌ಹೌಪ್ಟ್ ಸಂಪುಟ ಬಿಟ್ಟರು. 1986ರಲ್ಲಿ, ಹುಟ್ಟಿದ ಫ್ರಾಂಕ್‌ಫರ್ಟಿನಲ್ಲೇ ತೀರಿಕೊಂಡರು. ಅವರ ನಂತರ ಆರೋಗ್ಯ ಖಾತೆಗೆ ಬಂದವರು ಕೇಟ ಸ್ಟ್ರೋಬೆಲ್, ಅವರೂ ಮಹಿಳೆಯೇ. ಅಂದಿನಿಂದ ಇಂದಿನವರೆಗೆ ಮಹಿಳೆಯೇ ಇಲ್ಲದ ಕೇಂದ್ರ ಸಂಪುಟ ಆ ದೇಶದಲ್ಲಿ ಒಂದೂ ರಚನೆಯಾಗಿಲ್ಲ.