ಸವೆದ ಅರ, ಹೊಸ ಅಲಗು

ಗುಜರಿ ಅಂಗಡಿಯಲ್ಲಿ ಅರಗಳನ್ನು ಬೇರೆಯಾಗಿ ಇಟ್ಟಿರುವುದಿಲ್ಲ. ಮುರಿದ ನಲ್ಲಿ, ಸೈಕಲ್ ಚೈನು, ತುಕ್ಕು ಹಿಡಿದ ಚಿಲಕಗಳ ಜೊತೆ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಬೇಕಾದ್ದನ್ನು ಹೆಕ್ಕಿಕೊಟ್ಟರೆ ತೂಕಕ್ಕೆ ಹಾಕಿ ಕೊಡುತ್ತಾರೆ. ಹಲ್ಲು ಸವೆದ ಹತ್ತು ಇಂಚಿನ ಮೂರು ಅರಗಳನ್ನು ಅಂಥ ರಾಶಿಯಿಂದ ಆರಿಸಿ ತಂದೆ. ಅದರಲ್ಲೊಂದು ಚಾಕುವಾಗಬೇಕಿತ್ತು.

ಚಾಕು ಪೇಟೆಯಲ್ಲಿ ಸಿಗುತ್ತದೆ, ನಿಜ. ಆದರೆ ಮಲೆನಾಡಿನ ಮನೆಯಲ್ಲಿ ಹುಟ್ಟಿದವನು ಕತ್ತಿಗಳ ನಡುವೆಯೇ ಬೆಳೆಯುತ್ತಾನೆ. ಅಪ್ಪನ ಸೊಂಟದ ಕೊಕ್ಕೆಯಲ್ಲಿ ತೋಟದ ಕತ್ತಿ, ಅಮ್ಮನ ಅಡುಗೆಮನೆಯಲ್ಲಿ ಮೆಟ್ಟುಗತ್ತಿ, ಜಗುಲಿಯ ಕವಳದ ತಟ್ಟೆಯಲ್ಲಿ ಅಡಕತ್ತರಿ. ಇವುಗಳಲ್ಲಿ ಒಂದಾದರೂ ಹೇಗೆ ಹುಟ್ಟುತ್ತದೆ ಎಂದು ಕೈಯಾರೆ ತಿಳಿಯದೆ ಅರ್ಧ ಆಯುಷ್ಯ ಕಳೆದುಹೋಗಿತ್ತು. ಮನೆಯಲ್ಲಿದ್ದ ಸಲಕರಣೆ ಎಂದರೆ ಒಂದು ಹ್ಯಾಕ್ಸಾ, ದೊರಗಿನದೊಂದು ನಯದ್ದೊಂದು ಹೊಸ ಅರ, ಮೇಜಿಗೆ ಬಿಗಿದ ಸಣ್ಣ ವೈಸ್, ಕೈ ಡ್ರಿಲ್ಲು ಮತ್ತು ಎಮರಿ ಕಾಗದ. ಇಷ್ಟರಲ್ಲೇ ಮಾಡಬೇಕೆಂದು ಹಟ ಹಿಡಿದೆ.

ಮೊದಲ ದಿನವೇ ಕೆಲಸ ನಿಂತಿತು. ಅರವನ್ನು ವೈಸಿಗೆ ಕಚ್ಚಿಸಿ ಹ್ಯಾಕ್ಸಾ ಆಡಿಸಿದರೆ ಗೀರೂ ಬೀಳಲಿಲ್ಲ. ಹತ್ತು ಸಲ ಎಳೆಯುವಷ್ಟರಲ್ಲಿ ಹ್ಯಾಕ್ಸಾ ಬ್ಲೇಡಿನ ಹಲ್ಲುಗಳೇ ಸವೆದು ಹೋದವು. ಕಬ್ಬಿಣವನ್ನು ಉಜ್ಜಿ ಸವೆಸಲೆಂದೇ ಮಾಡಿದ ವಸ್ತು ಅರ. ಅದು ಗರಗಸಕ್ಕೆ ಸುಲಭವಾಗಿ ಒಲಿಯುವುದಿಲ್ಲ. ಮೂರನ್ನೂ ಚೀಲಕ್ಕೆ ಹಾಕಿಕೊಂಡು ಊರ ಕುಲುಮೆಗೆ ನಡೆದೆ.

ಆಚಾರ್ರು ಅರಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡರು. ಮೊದಲನೆಯದರ ತುದಿಯನ್ನು ಅಡಿಗಲ್ಲಿನ ಅಂಚಿಗೆ ಇಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಕೊಟ್ಟರು. ತುದಿ ಬಾಗಲಿಲ್ಲ, ಪಟ್ಟೆಂದು ಮುರಿಯಿತು. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆಲ್ಲ ಬೂದು ಬಣ್ಣ, ಚಿರೋಟಿ ರವೆಗಿಂತ ಸಣ್ಣ ಕಣ. "ಇದು ಪೂರ್ತಿ ಉಕ್ಕು ಮಾರಾಯ್ರೆ. ಈಗ ಬರೋ ಕೆಲವು ಅಗ್ಗದ ಅರಕ್ಕೆ ಮೇಲೆ ಮಾತ್ರ ಗಟ್ಟಿ, ಒಳಗೆಲ್ಲ ಮೆದು ಕಬ್ಬಿಣ. ಅದು ಚಾಕುಗೆ ಬರೋದಿಲ್ಲ." ಆಮೇಲೆ ಸಾಣೆ ಚಕ್ರಕ್ಕೆ ಹಿಡಿದರು. ಕಿಡಿಗಳು ಹಾರಿ, ತುದಿಯಲ್ಲಿ ಸುರುಸುರುಬತ್ತಿಯ ಹಾಗೆ ಕವಲೊಡೆದು ಸಿಡಿದವು. ಪಕ್ಕದಲ್ಲಿದ್ದ ಕಿಟಕಿ ಸರಳನ್ನು ಹಿಡಿದಾಗ ಬಂದದ್ದು ಉದ್ದನೆಯ ಬರೀ ಗೆರೆಗಳು. ಆ ಕವಲು ಒಡೆಯುವುದು ಇಂಗಾಲದಿಂದ. ಕಿಟಕಿ ಸರಳಿನಲ್ಲಿ ಇಂಗಾಲ ನೂರಕ್ಕೆ 0.2ರ ಆಸುಪಾಸು. ಆಚಾರ್ರು ತೋಟದ ಕತ್ತಿಗೆ ಬಳಸುವ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ 0.6ರಷ್ಟು. ಒಳ್ಳೆಯ ಅರದಲ್ಲಿ ಒಂದು ಅಥವಾ ಅದಕ್ಕೂ ತುಸು ಹೆಚ್ಚು. ಕಬ್ಬಿಣಕ್ಕೂ ಉಕ್ಕಿಗೂ ಇರುವ ವ್ಯತ್ಯಾಸವೆಲ್ಲ ಈ ಚಿಟಿಕೆಯಷ್ಟು ಇಂಗಾಲದಲ್ಲಿದೆ.

"ಮೊದಲು ಮೆತ್ತಗೆ ಮಾಡ್ಬೇಕು" ಎಂದರು. ಅರಗಳನ್ನು ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಬಿಸಿ ಬೂದಿ ತುಂಬಿದ ಹಳೆಯ ಡಬ್ಬಿಯಲ್ಲಿ ಹೂತರು. ಅವು ತಣಿಯಲು ಒಂದು ಇಡೀ ರಾತ್ರಿ ಬೇಕು.

ಆ ರಾತ್ರಿಯ ಬಿಡುವಿನಲ್ಲಿ ಉಕ್ಕಿನ ಹಿಂದಿನ ಕಥೆಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ಈ ನೆಲದ್ದೇ ಕಥೆ. ಹಾವೇರಿ ಜಿಲ್ಲೆಯ ತುಂಗಭದ್ರಾ ದಂಡೆಯ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದಾಗ ಸುಮಾರು ಕ್ರಿ.ಪೂ. 1000ದಷ್ಟು ಹಳೆಯ ಪದರದಲ್ಲಿ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತ ಕಬ್ಬಿಣ ಕರಗಿಸುವವರನ್ನೂ ಉಕ್ಕು ಮಾಡುವವರನ್ನೂ ಹತ್ತಿರದಿಂದ ಕಂಡು ಬರೆದ. ಮಣ್ಣಿನ ಸಣ್ಣ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ತಾಸುಗಟ್ಟಲೆ ಉರಿಸಿದರೆ ಕಡ್ಡಿ ಎಲೆಗಳ ಇಂಗಾಲವನ್ನು ಕಬ್ಬಿಣ ಹೀರಿಕೊಳ್ಳುತ್ತದೆ. ಮೂಸೆ ಒಡೆದಾಗ ಸಿಗುವ ಗಟ್ಟಿಯೇ ಉಕ್ಕು. ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿಯನ್ನು ನಾನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ.

ಈ ಉಕ್ಕು ಇಂಗ್ಲೆಂಡಿನಲ್ಲಿ 'ವೂಟ್ಜ್' ಆಯಿತು. ನಮ್ಮ 'ಉಕ್ಕು' ಎಂಬ ಮಾತೇ ಅವರ ಬಾಯಲ್ಲಿ ಹಾಗಾಯಿತು ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. 1790ರ ದಶಕದಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಕೆಲವು ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಪರೀಕ್ಷೆ ನಡೆಸಿ ಪ್ರಬಂಧ ಓದಿದ. 1819ರಲ್ಲಿ ಅದೇ ಉಕ್ಕನ್ನು ವಿಶ್ಲೇಷಣೆಗೆ ಎತ್ತಿಕೊಂಡವನು ಮೈಕೆಲ್ ಫ್ಯಾರಡೆ. ಮುಂದೆ ವಿದ್ಯುತ್ತಿನಿಂದ ಹೆಸರಾದ ಈ ವಿಜ್ಞಾನಿ ಒಬ್ಬ ಕಮ್ಮಾರನ ಮಗ. ಚಾಕು ಮತ್ತು ಶಸ್ತ್ರಚಿಕಿತ್ಸೆಯ ಸಲಕರಣೆ ಮಾಡುವ ಜೇಮ್ಸ್ ಸ್ಟೋಡಾರ್ಟ್‌ನ ಜೊತೆಗೂಡಿ ಅವನು ಮಿಶ್ರ ಉಕ್ಕುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದ. ಅಷ್ಟರಲ್ಲಿ ಇಲ್ಲಿ ಕುಲುಮೆಗಳಿಗೆ ಬರತೊಡಗಿದ್ದು ವಿಲಾಯತಿಯ ಅಗ್ಗದ ಕಬ್ಬಿಣ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಹೊರತರುವ ಹೊತ್ತಿಗೆ ಮೂಸೆಯ ಉಕ್ಕು ನೆನಪಾಗಿತ್ತು. ಉಕ್ಕು ಮಾಡುವ ವಿದ್ಯೆ ಹೀಗೆ ನಮ್ಮ ಕೈ ಬಿಟ್ಟಿತು. ಉಕ್ಕಿಗೆ ಹದ ಕೊಡುವ ವಿದ್ಯೆ ಮಾತ್ರ ಊರ ಕುಲುಮೆಗಳಲ್ಲಿ ಉಳಿಯಿತು. ನಾನು ಕಲಿಯಲು ಹೋದದ್ದು ಆ ಉಳಿದ ಅರ್ಧವನ್ನು.

ಬೆಳಿಗ್ಗೆ ಬೂದಿಯಿಂದ ತೆಗೆದ ಅರ ಬೇರೆಯೇ ವಸ್ತುವಾಗಿತ್ತು. ಹ್ಯಾಕ್ಸಾ ಸಲೀಸಾಗಿ ಇಳಿಯಿತು. ರಟ್ಟಿನಲ್ಲಿ ಕತ್ತರಿಸಿಕೊಂಡ ಆಕಾರವನ್ನು ಅದರ ಮೇಲಿಟ್ಟು ಮೊಳೆಯಿಂದ ಗೀಚಿದೆ. ಅಲಗು ಐದು ಇಂಚು, ಹಿಡಿಯ ಭಾಗ ನಾಲ್ಕು. ಸುತ್ತಲೂ ಕೊಯ್ದು, ಹಿಡಿಗೆ ಎರಡು ತೂತು ಕೊರೆದೆ. ಗಟ್ಟಿಯಾದ ಮೇಲೆ ಕೊರೆಯಲು ಆಗುವುದಿಲ್ಲ, ಆದ್ದರಿಂದ ಈಗಲೇ. ಅಲಗಿನ ದಪ್ಪದಷ್ಟೇ ದಪ್ಪವಿರುವ ಡ್ರಿಲ್ ಬಿಟ್ಟನ್ನು ಗಾಜಿನ ಮೇಲೆ ಮಲಗಿಸಿ ಅದರ ಮೊನೆಯಿಂದ ಅಂಚನ್ನು ಗೀಚಿದರೆ ಸರಿಯಾಗಿ ನಡುಗೆರೆ ಬೀಳುತ್ತದೆ. ಎರಡೂ ಕಡೆಯಿಂದ ಆ ಗೆರೆಯವರೆಗೆ ಇಳಿಜಾರು ಬರುವಂತೆ ಉಜ್ಜಬೇಕು. ಸಂಜೆಗಳೆಲ್ಲ ಅದಕ್ಕೇ ಹೋದವು. ಅರ ಮುಂದಕ್ಕೆ ಹೋಗುವಾಗ ಮಾತ್ರ ಕೊಯ್ಯುತ್ತದೆ, ಹಿಂದಕ್ಕೆ ಎಳೆಯುವಾಗ ಎತ್ತಬೇಕು ಎಂಬುದನ್ನು ಮೊಣಕೈ ಕಲಿಯಲು ಎರಡು ದಿನ ಹಿಡಿಯಿತು. ಕಣ್ಣಿಗೆ ಕನ್ನಡಕ ಹಾಕದೆ ಈ ಕೆಲಸಕ್ಕೆ ಯಾರೂ ಕೂರಬಾರದು.

ಒಂದು ವಾರದಲ್ಲಿ ಅಲಗು ಚೆಂದವಾಗಿ ಎದ್ದಿತ್ತು. ಹದ ಹಾಕುವುದನ್ನೂ ನಾನೇ ಮಾಡಬೇಕೆಂದು ಹಿತ್ತಿಲಲ್ಲಿ ಇದ್ದಿಲ ಬೆಂಕಿ ಹೂಡಿ, ಹೇರ್ ಡ್ರೈಯರಿನಿಂದ ಗಾಳಿ ಕೊಟ್ಟು, ಕೆಂಪಗೆ ಕಾದ ಅಲಗನ್ನು ಬಕೆಟ್ಟಿನ ನೀರಿಗೆ ಅದ್ದಿದೆ. ಚುಂಯ್ ಎಂಬ ಸದ್ದಿನ ನಡುವೆ ಒಂದು ಸಣ್ಣ 'ಟಿಣ್' ಕೇಳಿಸಿತು. ಹೊರತೆಗೆದಾಗ ಅಲಗಿನ ಅಡ್ಡಕ್ಕೆ ಕೂದಲೆಳೆಯಂಥ ಬಿರುಕು. ಬೆರಳಿಂದ ಒತ್ತಿದರೆ ಎರಡು ತುಂಡಾಯಿತು.

ಆ ತುಂಡುಗಳನ್ನು ನೋಡಿ ಆಚಾರ್ರು ಬೈಯಲಿಲ್ಲ. ಬಿರುಕು ಶುರುವಾದ ಜಾಗದ ಮೇಲೆ ಉಗುರಿಟ್ಟು ತೋರಿಸಿದರು. ಅಲ್ಲಿ ಅರದ ಹಳೆಯ ಹಲ್ಲಿನ ಒಂದು ಗೆರೆ, ನಾನು ಪೂರ್ತಿ ಉಜ್ಜಿ ತೆಗೆಯದೆ ಬಿಟ್ಟದ್ದು, ಹಾಗೇ ಇತ್ತು. "ನೀರು ಅವಸರದ್ದು. ಒಂದೇ ಸಲಕ್ಕೆ ಬಿಸಿ ಎಳೆದುಬಿಡ್ತದೆ. ತೆಳು ಅಲಗು ಆ ಎಳೆತ ತಡೆಯೋದಿಲ್ಲ, ಎಲ್ಲಿ ಗೀರಿದೆಯೋ ಅಲ್ಲಿಂದ ಸೀಳ್ತದೆ. ಇನ್ನೊಂದು ಮಾಡ್ಕೊಂಡು ಬನ್ನಿ. ಗೀರು ಒಂದೂ ಇರಬಾರ್ದು. ಬಾಯಿ ಈಗಲೇ ತೆಳು ಮಾಡ್ಬೇಡಿ."

ಎರಡನೆಯದನ್ನು ಮಾಡಿದೆ. ಹಲ್ಲಿನ ಗುರುತು ಒಂದೂ ಉಳಿಯದಂತೆ 120, 220, 400 ನಂಬರಿನ ಎಮರಿ ಕಾಗದದಲ್ಲಿ ಉದ್ದುದ್ದಕ್ಕೆ ಉಜ್ಜಿ, ಬಾಯಿಯನ್ನು ಒಂದು ಮಿಲಿಮೀಟರ್ ದಪ್ಪಕ್ಕೆ ನಿಲ್ಲಿಸಿ ಕುಲುಮೆಗೆ ಒಯ್ದೆ.

ಆಚಾರ್ರು ಮೊದಲು ಬಾಗಿಲು ಮುಚ್ಚಿ ಕತ್ತಲು ಮಾಡಿದರು. ಕಾದ ಉಕ್ಕಿನ ನಿಜವಾದ ಬಣ್ಣ ಬಿಸಿಲಲ್ಲಿ ಕಾಣುವುದಿಲ್ಲ. ತಗಡಿನ ಡಬ್ಬಿಯಲ್ಲಿ ಶೇಂಗಾ ಎಣ್ಣೆ, ಕೈಗೆ ಬೆಚ್ಚಗೆ ತಾಗುವಷ್ಟು ಕಾಯಿಸಿದ್ದು. ತಣ್ಣನೆಯ ಎಣ್ಣೆ ಮಂದವಾಗಿದ್ದು ಬಿಸಿಯನ್ನು ನಿಧಾನಕ್ಕೆ ಎಳೆಯುತ್ತದೆ. ನಾನು ಬ್ಲೋವರ್ ತಿರುಗಿಸಿದೆ, ಅವರು ಅಲಗನ್ನು ಇಕ್ಕಳದಲ್ಲಿ ಹಿಡಿದು ಕೆಂಡದೊಳಗೆ ಹಿಂದೆ ಮುಂದೆ ಆಡಿಸಿದರು. "ಹಣ್ಣಡಿಕೆ ಬಣ್ಣ ಬರ್ಬೇಕು. ಬೆನ್ನಿಗೂ ಬಾಯಿಗೂ ಒಂದೇ ಥರ." ನಾನು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ತಂದಿದ್ದೆ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅದಕ್ಕಿಂತ ತುಸು ಮೇಲೆ ಹೋದರೆ ಸಾಕು ಎಂದು ಓದಿದ್ದೆ. ತಂತಿಯನ್ನು ತಾಗಿಸಿದೆ, ಅಂಟಲಿಲ್ಲ. ಅದೇ ಹೊತ್ತಿಗೆ ಆಚಾರ್ರು "ಬಂತು, ಇನ್ನೊಂಚೂರು" ಎಂದರು. ಅವರು ಅಯಸ್ಕಾಂತದ ಕಡೆ ನೋಡಿರಲೇ ಇಲ್ಲ. ಐವತ್ತು ವರ್ಷ ಬೆಂಕಿ ನೋಡಿದ ಕಣ್ಣಿನ ಅಳತೆ ಅದು.

ಮೊನೆ ಕೆಳಗಾಗಿ ಅಲಗು ನೇರ ಎಣ್ಣೆಗೆ ಇಳಿಯಿತು. ಭಗ್ಗೆಂದು ಜ್ವಾಲೆ ಎದ್ದು ಆರಿತು. ಕರಿದ ಹಪ್ಪಳದ ವಾಸನೆಯ ದಟ್ಟ ಹೊಗೆ. 'ಟಿಣ್' ಇಲ್ಲ. ತಣಿದ ಮೇಲೆ ಬಾಯಿಗೆ ಹೊಸ ಅರ ಹಚ್ಚಿ ನೋಡಿದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಉಕ್ಕು ಕೆಂಪಗೆ ಕಾದಾಗ ಇಂಗಾಲ ಕಬ್ಬಿಣದ ಕಣಗಳ ನಡುವೆ ಕರಗಿರುತ್ತದೆ. ಬೂದಿಯಲ್ಲಿ ನಿಧಾನಕ್ಕೆ ತಣಿಸಿದರೆ ಅದು ಸಾವಕಾಶವಾಗಿ ಹೊರಬಂದು ಬೇರೆ ಕೂರುತ್ತದೆ, ಉಕ್ಕು ಮೆತ್ತಗಾಗುತ್ತದೆ. ಎಣ್ಣೆಯಲ್ಲಿ ಥಟ್ಟನೆ ತಣಿಸಿದರೆ ಹೊರಬರಲು ಸಮಯವಿಲ್ಲದೆ ಅಲ್ಲೇ ಸಿಕ್ಕಿಬೀಳುತ್ತದೆ. ಆ ಬಿಗಿಯೇ ಗಡಸುತನ. ಈ ರಚನೆಯನ್ನು ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್‌ನ ನೆನಪಿಗೆ ಮಾರ್ಟೆನ್ಸೈಟ್ ಎನ್ನುತ್ತಾರೆ.

"ಈಗ ಇದು ಗಾಜು. ಕೆಳಗೆ ಬೀಳಿಸ್ಬೇಡಿ" ಎಂದರು ಆಚಾರ್ರು. ಅಲಗನ್ನು ಎಮರಿ ಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿಸಿದರು. ಆಮೇಲೆ ದಪ್ಪನೆಯದೊಂದು ಕಬ್ಬಿಣದ ಗಟ್ಟಿಯನ್ನು ಕಾಯಿಸಿ ಅಡಿಗಲ್ಲಿನ ಮೇಲಿಟ್ಟು, ಅದಕ್ಕೆ ಅಲಗಿನ ಬೆನ್ನನ್ನು ತಾಗಿಸಿ ಹಿಡಿದರು. ಈ ಕೆಲಸದಲ್ಲಿ ನಾನು ಕಂಡ ಅತ್ಯಂತ ಚೆಲುವಾದ ಗಳಿಗೆ ಅದು. ಬೆಳ್ಳಿಯಂಥ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ತೆಳು ಹಳದಿ ಮೂಡಿತು. ಅದು ಮೆಲ್ಲಗೆ ಬಾಯಿಯ ಕಡೆ ಸರಿಯುತ್ತಿದ್ದಂತೆ ಹಿಂದಿನಿಂದ ಬೆಲ್ಲದ ಕಂದು, ಅದರ ಹಿಂದೆ ನೇರಳೆ, ಬೆನ್ನಿನಲ್ಲಿ ನವಿಲುಗತ್ತಿನ ನೀಲಿ. ಹುಲ್ಲಿನ ಬಣ್ಣ ಎಂದರೆ 220 ಡಿಗ್ರಿಯ ಆಸುಪಾಸು, ನೀಲಿ ಎಂದರೆ 300. ಹುಲ್ಲಿನ ಬಣ್ಣ ಬಾಯಂಚನ್ನು ಮುಟ್ಟಿದ ಕೂಡಲೇ ಅಲಗನ್ನು ನೀರಿಗೆ ಹಾಕಿ ಅಲ್ಲಿಗೇ ನಿಲ್ಲಿಸಿದರು. ಈಗ ಬಾಯಿ ಗಡಸು, ಬೆನ್ನು ತಾಳಿಕೊಳ್ಳುವಂಥದ್ದು. "ತೋಟದ ಕತ್ತಿ ಆದ್ರೆ ಬಾಯಿಗೂ ಬೆಲ್ಲದ ಬಣ್ಣ ಬರೋತನಕ ಬಿಡ್ತೇನೆ. ಗಂಟು, ಕಲ್ಲು ತಾಗ್ತದಲ್ಲ, ಬಾಯಿ ಹಾರ್ಬಾರ್ದು. ಅಡುಗೆಮನೆಗೆ ಇಷ್ಟು ಸಾಕು." ಮಣ್ಣಿಗೂ ಪಾಕಕ್ಕೂ ಮಾತಿಗೂ ನಾವು ಬಳಸುವ 'ಹದ' ಎಂಬ ಪದದ ಪೂರ್ಣ ಅರ್ಥ ನನಗೆ ಅಂದು ಆ ಬಣ್ಣಗಳಲ್ಲಿ ಕಂಡಿತು.

ಉಳಿದದ್ದು ಬೇಗ ಮುಗಿಯಿತು. ಹಳೆಯ ಮನೆ ಬಿಚ್ಚಿದಾಗ ಎತ್ತಿಟ್ಟಿದ್ದ ಹಲಸಿನ ಕಿಟಕಿ ಚೌಕಟ್ಟಿನ ತುಂಡೊಂದನ್ನು ಎರಡು ಹೋಳು ಮಾಡಿ, ಹಿತ್ತಾಳೆ ಸರಳು ತೂರಿಸಿ, ಅರಾಲ್ಡೈಟ್ ಹಚ್ಚಿ ಬಿಗಿದೆ. ಹಿಂದೆ ಈ ಕೆಲಸಕ್ಕೆ ಅರಗು ಬಳಸುತ್ತಿದ್ದರು. ಹಿಡಿಯನ್ನು ಅಂಗೈಗೆ ಒಗ್ಗುವವರೆಗೆ ಉಜ್ಜಿ ಅಗಸೆ ಎಣ್ಣೆ ಕುಡಿಸಿದೆ. ಕೊನೆಗೆ ಮಸೆಗಲ್ಲು. ನೀರು ಚಿಮುಕಿಸುತ್ತ, ಅಲಗನ್ನು ಕಲ್ಲಿನಿಂದ ತುಸುವೇ ಎತ್ತಿ ಹಿಡಿದು, ಒಂದು ಬದಿ ಮಸೆದಾಗ ಇನ್ನೊಂದು ಬದಿಯ ಅಂಚಿನಲ್ಲಿ ಸಣ್ಣ ತರಿ ಬೆರಳಿಗೆ ತಾಗಬೇಕು. ಆಗ ಬದಿ ಬದಲಿಸಬೇಕು. ತರಿ ಎರಡೂ ಕಡೆ ಕಾಣೆಯಾದಾಗ ಬಾಯಿ ಬಂದಿದೆ ಎಂದರ್ಥ.

ಅಮ್ಮ ಮೊದಲು ಹಾಗಲಕಾಯಿ ಹೆಚ್ಚಿದಳು, ಆಮೇಲೆ ಚೀನಿಕಾಯಿ. "ಹಾಗಲಕಾಯಿಗೆ ಚೆನ್ನಾಗಿದೆ. ಬೆನ್ನು ದಪ್ಪ ಆಯ್ತು, ಚೀನಿಕಾಯಲ್ಲಿ ಸಿಕ್ಕಿಹಾಕಿಕೊಳ್ತದೆ" ಎಂದಳು. ಸರಿಯಾದ ತೀರ್ಪು. ಮೂರನೆಯ ಅರದಲ್ಲಿ ಮಾಡುವ ಚಾಕು ತೆಳುವಾಗಿರುತ್ತದೆ. ಈ ಉಕ್ಕು ಸ್ಟೀಲಿನ ಪಾತ್ರೆಯ ಹಾಗಲ್ಲ, ಹುಣಸೆ ನಿಂಬೆ ತಾಗಿದರೆ ಕಪ್ಪಾಗುತ್ತದೆ, ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ತೊಳೆದ ಕೂಡಲೇ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡುತ್ತೇವೆ. ಆರು ತಿಂಗಳಾಯಿತು, ಬಾಯಿ ಹಾರಿಲ್ಲ.

ನಮ್ಮ ಆಚಾರ್ರ ಕುಲುಮೆಯಲ್ಲಿ ಈಗ ವಾರಕ್ಕೆ ಎರಡು ದಿನ ಮಾತ್ರ ಬೆಂಕಿ. ಅಡಿಕೆ ಕೊಯ್ಲಿನ ಮುಂಚೆ ನಾಲ್ಕು ದಿನ ಹೆಚ್ಚಿಗೆ. ಮೊಂಡಾದ ಕತ್ತಿಯನ್ನು ಜನ ಎಸೆದು ಹೊಸದು ಕೊಳ್ಳುತ್ತಾರೆ, ಕುಲುಮೆಗೆ ತರುವುದಿಲ್ಲ. ಕೆಲಸ ಬರದಿದ್ದರೆ ಇದ್ದಿಲು ಸುಡುವುದು ನಷ್ಟ ಎನ್ನುತ್ತಾರೆ ಅವರು. ನಿಮ್ಮೂರಿನಲ್ಲೋ ಪಕ್ಕದೂರಿನಲ್ಲೋ ಇನ್ನೂ ಒಂದು ಕುಲುಮೆ ಇದ್ದರೆ, ಮನೆಯ ಮೂಲೆಯಲ್ಲಿ ಬಿದ್ದ ಮಚ್ಚು, ಕುಡುಗೋಲು, ಈಳಿಗೆ ಮಣೆಯನ್ನು ಈ ವಾರವೇ ಅಲ್ಲಿಗೆ ಒಯ್ಯಿರಿ. ಹದ ಹಾಕುವಾಗ ಪಕ್ಕದಲ್ಲಿ ನಿಂತು ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.