ಓದಿದ್ದು ಬಹಳ, ನಡೆದದ್ದೆಷ್ಟು?

ಬುದ್ಧನ ಪಂಚಶೀಲಗಳನ್ನು ಶಾಲೆಯ ಹುಡುಗನೂ ಬಾಯಿಪಾಠ ಒಪ್ಪಿಸಬಲ್ಲ. ಅವುಗಳಲ್ಲಿ ಒಂದನ್ನು, ಸುಳ್ಳಾಡಬಾರದೆಂಬುದನ್ನು, ಬೆಳಗಿನಿಂದ ರಾತ್ರಿಯವರೆಗೆ ಒಂದು ದಿನ ಪಾಲಿಸಿ ನೋಡೋಣವೆಂದರೆ ಮಾತ್ರ ದೊಡ್ಡವರೂ ತಡವರಿಸುತ್ತಾರೆ. ತಿಳಿವಿಗೂ ನಡೆಗೂ ನಡುವಣ ಈ ಅಂತರ ಹೊಸತಲ್ಲ. ಬೌದ್ಧರೇ ಇದನ್ನು ಬಹಳ ಹಿಂದೆ ಗುರುತಿಸಿದ್ದರು.

ಪಾಲಿ ಭಾಷೆಯಲ್ಲಿ ಶಾಸ್ತ್ರಾಧ್ಯಯನಕ್ಕೆ ‘ಪರಿಯತ್ತಿ’ ಎಂದೂ ಆಚರಣೆಗೆ ‘ಪಟಿಪತ್ತಿ’ ಎಂದೂ ಹೆಸರು. ಕ್ರಿ.ಪೂ. 1ನೇ ಶತಮಾನದಲ್ಲಿ ಸಿಂಹಳ ದ್ವೀಪಕ್ಕೆ ಘೋರ ಕ್ಷಾಮ ಬಡಿಯಿತು. ಧರ್ಮವಾಕ್ಯಗಳೆಲ್ಲ ಆಗ ಭಿಕ್ಷುಗಳ ನಾಲಗೆಯ ಮೇಲಿದ್ದವು; ಭಿಕ್ಷುಗಳು ಸತ್ತರೆ ಅವೂ ಸತ್ತಂತೆ. ಕ್ಷಾಮ ಕಳೆದ ಬಳಿಕ ಅವರಲ್ಲಿ ವಾದವೆದ್ದಿತು: ಧರ್ಮಕ್ಕೆ ಬೇರು ಯಾವುದು, ಓದೋ, ಆಚರಣೆಯೋ? ಗೆದ್ದದ್ದು ಓದಿನ ಪಕ್ಷವೆಂದು ಪಾಲಿ ವ್ಯಾಖ್ಯಾನಗಳು ಹೇಳುತ್ತವೆ. ಅದೇ ಶತಮಾನದಲ್ಲಿ ತ್ರಿಪಿಟಕವು ಓಲೆಗೇರಿತು. ಆದುದರಿಂದ ಓದನ್ನು ಹಳಿಯುವಂತಿಲ್ಲ.

ಆದರೆ ಓಲೆಗಳನ್ನು ಉಳಿಸಿದ ಪರಂಪರೆಯೇ ಪೋಠಿಲನ ಕತೆಯನ್ನೂ ಉಳಿಸಿತು. ಧಮ್ಮಪದದ ವ್ಯಾಖ್ಯಾನದಲ್ಲಿ ಬರುವ ಈತ ಮಹಾಪಂಡಿತ. 500 ಭಿಕ್ಷುಗಳಿಗೆ ಪಾಠ ಹೇಳುತ್ತಿದ್ದ. ಬುದ್ಧನು ಮಾತ್ರ ಕಂಡಾಗಲೆಲ್ಲ ಅವನನ್ನು ‘ತುಚ್ಛ ಪೋಠಿಲ’ ಎಂದೇ ಕರೆಯುತ್ತಿದ್ದನಂತೆ. ಪಾಲಿಯಲ್ಲಿ ತುಚ್ಛವೆಂದರೆ ಬರಿದಾದುದು, ಟೊಳ್ಳು. ಮಾತು ನಾಟಿತು. ಪೋಠಿಲ ದೂರದ ಕಾಡಿನ ವಿಹಾರಕ್ಕೆ ನಡೆದು, ಅಲ್ಲಿಯ 30 ಭಿಕ್ಷುಗಳಲ್ಲಿ ಹಿರಿಯನನ್ನು ಉಪದೇಶ ಬೇಡಿದ. ಅವನ ಗರ್ವವನ್ನು ಬಲ್ಲ ಹಿರಿಯ ತನ್ನ ಕಿರಿಯನತ್ತ ಕಳುಹಿಸಿದ, ಆತ ಇನ್ನೊಬ್ಬನತ್ತ. ಕೊನೆಗೆ ಉಳಿದವನು ಬಟ್ಟೆ ಹೊಲಿಯುತ್ತ ಕುಳಿತಿದ್ದ ಏಳು ವರ್ಷದ ಸಾಮಣೇರ.

ಹುಡುಗ, ಉಟ್ಟ ಚೀವರ ಸಮೇತ ಕೊಳಕ್ಕಿಳಿಯಲು ಹೇಳಿದ. ಪಂಡಿತ ಮರುಮಾತಿಲ್ಲದೆ ಇಳಿದ. ಸೆರಗು ನೆನೆಯುತ್ತಲೇ ಹುಡುಗ ಅವನನ್ನು ಹಿಂದಕ್ಕೆ ಕರೆದು ಹೇಳಿದ್ದಿಷ್ಟೇ: ಆರು ಬಾಯಿಯ ಹುತ್ತದೊಳಗೆ ಉಡ ಹೊಕ್ಕಿದೆ; ಹಿಡಿಯಬೇಕಾದರೆ ಐದು ಬಾಯಿ ಮುಚ್ಚಿ ಆರನೆಯದರಲ್ಲಿ ಕಾಯಬೇಕು. ಐದು ಬಾಯಿಗಳೆಂದರೆ ಇಂದ್ರಿಯಗಳು, ಆರನೆಯದು ಮನಸ್ಸು. ಪೋಠಿಲನಿಗೆ ಅಷ್ಟು ಸಾಕಾಯಿತು.

ನಮ್ಮ ಪರೀಕ್ಷೆಗೆ ಕಾಡಿನ ವಿಹಾರ ಬೇಕಿಲ್ಲ. ನೆರೆಯವನು ಬೇಲಿಯನ್ನು ಒಂದು ಗೇಣು ಇತ್ತ ಒತ್ತಿ ಹಾಕಿದ್ದಾನೆ. ಕಣ್ಣು ಕಂಡಿತು, ನಾಲಗೆಗೆ ಬೈಗುಳ ಬಂತು. ಬೇಲಿಯ ನ್ಯಾಯವನ್ನು ಕೇಳಲೇಬೇಕು, ನಿಜ. ಆದರೆ ಕೇಳುವ ಮುಂಚೆ ಒಳಗೆ ಬುಸುಗುಟ್ಟುವುದನ್ನು ಒಂದು ಕ್ಷಣ ನೋಡಿದೆವೇ? ಮೈತ್ರಿಯ ಬಗ್ಗೆ ಓದಿದ ಪುಸ್ತಕಗಳೆಲ್ಲ ಆ ಕ್ಷಣದಲ್ಲಿ ಕಪಾಟಿನಲ್ಲೇ ಇರುತ್ತವೆ.

ಹುತ್ತ ಎಲ್ಲಿದೆಯೆಂದು ಪುಸ್ತಕ ತೋರಿಸೀತು. ಅದರ ಬಾಯಲ್ಲಿ ಕಾದು ಕುಳಿತುಕೊಳ್ಳಬೇಕಾದವರು ನಾವೇ.