ನಿಮಗಿದು ಗೊತ್ತೆ? ಗಡಿಯಾರ ಹಿಂದೆ ಸರಿದರೆ ಸಾಫ್ಟ್‌ವೇರೂ ತಪ್ಪುತ್ತದೆ
ಜತ್ತ ತಾಲೂಕಿನ ಸಂಖದಲ್ಲಿ ಕೆಲವು ದೇಶಗಳಂತೆ ವರ್ಷಕ್ಕೆರಡು ಸಲ ಗಡಿಯಾರ ಹಿಂದೆಮುಂದೆ ತಿರುಗಿಸುವ ಗೋಜಿಲ್ಲ. ಭಾರತದಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಿಂದ 1945ರವರೆಗೆ, ಅದನ್ನು ಒಂದು ಗಂಟೆ ಮುಂದಿಟ್ಟಿದ್ದರು, ಅಷ್ಟೇ. ಆದರೂ ಇಲ್ಲಿ ಕೂತು ಪ್ರೋಗ್ರಾಂ ಬರೆಯುವವರಿಗೆ ಸಮಯದ ಕಾಟ ತಪ್ಪಿದ್ದಲ್ಲ.

1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ, ಬರೆದ ಫೈಲುಗಳಿಂದ ಪ್ರೋಗ್ರಾಂ ಜೋಡಿಸುವ ‘ಮೇಕ್’ ತಂತ್ರಾಂಶ ಫೈಲಿನಲ್ಲಿ ಏನು ಬದಲಾಗಿದೆ ಎಂದು ಓದಿ ನೋಡುವುದಿಲ್ಲ, ಅದನ್ನು ಕೊನೆಯ ಸಲ ತಿದ್ದಿದ ಸಮಯವನ್ನಷ್ಟೇ ನೋಡುತ್ತದೆ. ಮೂಲ ಫೈಲು ಈಗಾಗಲೇ ಜೋಡಿಸಿದ ಫೈಲಿಗಿಂತ ಹೊಸದಾಗಿದ್ದರೆ ಮಾತ್ರ ಮರುಜೋಡಣೆ. ಮದರ್‌ಬೋರ್ಡಿನ ಪುಟ್ಟ ಸೆಲ್ ಮುಗಿದು ಕಂಪ್ಯೂಟರಿನ ಗಡಿಯಾರ ಹಿಂದೆ ಸರಿಯಿತೆನ್ನಿ: ಈಗಷ್ಟೇ ತಿದ್ದಿದ ಫೈಲೂ ಹಳೆಯದಾಗಿ ಕಾಣುತ್ತದೆ. ತಿದ್ದುಪಡಿ ಪ್ರೋಗ್ರಾಮಿಗೆ ಸೇರುವುದೇ ಇಲ್ಲ, ಎಚ್ಚರಿಕೆಯೂ ಬಾರದಿರಬಹುದು. ಹಾಗಾದಾಗ ಸೆಲ್ ಬದಲಿಸಿ, ಸಮಯ ಸರಿಪಡಿಸಿ, ಹಳೆಯ ಜೋಡಣೆ ಅಳಿಸಿ ಮೊದಲಿನಿಂದ ಮಾಡಿ.